ಮಿಲ್ಲು ನಿಂತ ಮೇಲೆ ಊಟ

ನಮ್ಮ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಆದರೂ ಮನೆಗೆ ಯಾರು ಬಂದರು, ಯಾರು ಹೋದರು, ಯಾರು ಸಿಟ್ಟಿನಲ್ಲಿ ಹೆಜ್ಜೆ ಹಾಕುತ್ತಿದ್ದಾರೆ ಎಂಬುದೆಲ್ಲ ಕಿವಿ ನೆಟ್ಟಗಿದ್ದ ನಮಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದದ್ದು ಅಂಗಾಲಿನಿಂದ. ಪುತ್ತೂರಿನ ದರ್ಬೆಯ ಮುಖ್ಯ ರಸ್ತೆ ಬಿಟ್ಟು ಒಳಗೆ ತಿರುಗುವ ಅಡ್ಡರಸ್ತೆಯ ಮೊದಲ ಮನೆ ನಮ್ಮದು. ಎದುರಿನ ಕೋಣೆಯಲ್ಲಿ ಅಜ್ಜನ ಹಿಟ್ಟಿನ ಮಿಲ್ಲು, ಅದರ ಹಿಂದೆ ಚಾವಡಿ, ಚಾವಡಿಯ ಹಿಂದೆ ಅಡಿಗೆಕೋಣೆ. ಮೂರಕ್ಕೂ ಸೇರಿ ಒಂದೇ ಕೆಂಪು ಸಿಮೆಂಟಿನ ನೆಲ. ಮಿಲ್ಲು ಶುರುವಾದರೆ ಆ ನೆಲ ಪೂರ್ತಿ ಸಣ್ಣಗೆ ನಡುಗುತ್ತಿತ್ತು. ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಹಲ್ಲು ಕಡಿಯುತ್ತಿದ್ದವು. ಕೊಡದ ನೀರಿನಲ್ಲಿ ಉಂಗುರಗಳು ಏಳುತ್ತಿದ್ದವು. ವರ್ಷಾನುಗಟ್ಟಲೆ ಅಜ್ಜನ ಪಕ್ಕದಲ್ಲಿ ನಿಂತು ಅಕ್ಕಿ ಸುರಿದು ಅಜ್ಜಿಯ ಕಿವಿ ಹೋದದ್ದೂ ಆ ಮಿಲ್ಲಿನಿಂದಲೇ. ಕಿವಿ ಕಿತ್ತುಕೊಂಡದ್ದಕ್ಕೆ ಪರಿಹಾರವೆಂಬಂತೆ ಅದು ಅವಳಿಗೆ ಅಂಗಾಲನ್ನು ಕೊಟ್ಟಿತ್ತು. ಅವಳನ್ನು ಕರೆಯಬೇಕಾದರೆ ನಾವು ನೆಲಕ್ಕೆ ಹಿಮ್ಮಡಿ ಕುಟ್ಟುತ್ತಿದ್ದೆವು. ಅವಳು ತಿರುಗಿ ತುಟಿ ನೋಡುತ್ತಿದ್ದಳು. ಕುಟ್ಟಿದ್ದು ಯಾರೆಂದು ನೋಡುವ ಅಗತ್ಯ ಅವಳಿಗೆ ಇರುತ್ತಿರಲಿಲ್ಲ.

ಊಟದ ವಿಷಯದಲ್ಲಿ ಮನೆಗೊಂದು ಸಂವಿಧಾನವಿತ್ತು. ಮಿಲ್ಲು ನಿಲ್ಲದೆ ಅಜ್ಜಿ ಉಣ್ಣತಕ್ಕದ್ದಲ್ಲ ಎಂಬುದು ಅದರ ಮೊದಲ ವಿಧಿ. ಮಧ್ಯಾಹ್ನ ಅಜ್ಜ ಸ್ವಿಚ್ಚು ಎಳೆದ ಕೂಡಲೇ ನೆಲ ಸ್ತಬ್ಧವಾಗುತ್ತಿತ್ತು. ಅಡಿಗೆಕೋಣೆಯಲ್ಲಿ ಅಜ್ಜಿಯ ಕಾಲು ಅದನ್ನು ಹಿಡಿಯುತ್ತಿತ್ತು. ಅವಳು ಎರಡು ಬಟ್ಟಲು ಇಳಿಸುತ್ತಿದ್ದಳು. ಆದರೆ ಅಜ್ಜ ಕೂಡಲೇ ಬರುವವನಲ್ಲ. ಪಾನೆ ಹಿಡಿದು ಮಿಲ್ಲಿನ ಕಾಲುಗಳ ನಟ್ಟುಗಳನ್ನು ಒಂದೊಂದಾಗಿ, ಯಾರದೋ ಕಿವಿ ಹಿಂಡಿದ ಹಾಗೆ ಬಿಗಿದು, ಆಮೇಲೆ ಕೈ ತೊಳೆಯುತ್ತಿದ್ದ. ಮಿಲ್ಲು ಬೆಳಗ್ಗಿಡೀ ನಡುಗಿ ಸಡಿಲ ಮಾಡಿದ್ದನ್ನು ಹಾಗೇ ಬಿಟ್ಟು ಊಟಕ್ಕೆ ಕೂರುವುದು ಅವನ ಲೆಕ್ಕದಲ್ಲಿ ಸ್ನಾನ ಮಾಡದೆ ದೇವರಕೋಣೆಗೆ ಹೋದಷ್ಟೇ ಹೊಲಸು.

“ಸಡಿಲ ಬಿಟ್ಟು ಬಂದ್ರೆ ಅನ್ನ ಗಂಟಲಲ್ಲಿ ಇಳಿಯುದಿಲ್ಲ,” ಎನ್ನುತ್ತಿದ್ದ.

“ನಿಮ್ಮ ಗಂಟಲಿಗೂ ಒಂದು ನಟ್ಟು ಉಂಟು ಕಾಣ್ತದೆ,” ಎನ್ನುತ್ತಿದ್ದಳು ಅಜ್ಜಿ, ಅವನ ತುಟಿ ನೋಡಿ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಮನೆಯೊಳಗಿನ ಮಾತು ಅರೆಭಾಷೆ. ಅಜ್ಜಿ ಹುಟ್ಟಿದ್ದು ಸುಳ್ಯದಾಚೆ ಅರಂತೋಡಿನಲ್ಲಿ. ಅವಳ ಮಾತನ್ನು ಪುತ್ತೂರಿನ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಇಳಿಸುವಾಗ ಅರ್ಧ ಖಾರ ದಾರಿಯಲ್ಲೇ ಚೆಲ್ಲಿಹೋಗಿದೆ. ಓದುವವರು ತಮ್ಮ ತಮ್ಮ ಶಕ್ತಿಗನುಸಾರ ಸೇರಿಸಿಕೊಳ್ಳಬೇಕು.

ಅಜ್ಜ ಸತ್ತದ್ದು ಮಿಲ್ಲು ನಡೆಯುತ್ತಿರುವಾಗಲೇ. ಅಜ್ಜಿ ಆವತ್ತು ಅರಂತೋಡಿನಲ್ಲಿದ್ದಳು. ತಮ್ಮನ ಮಗಳ ನಿಶ್ಚಿತಾರ್ಥ. ಅಜ್ಜ ಯಾರದೋ ಅಕ್ಕಿ ಸುರಿದು, ಗೋಡೆಗೊರಗಿ, ಹಾಗೇ ಕೂತ. ಹಿಟ್ಟು ಬಂದು ಡಬ್ಬಿ ತುಂಬಿ ನೆಲಕ್ಕೆ ಸುರಿಯತೊಡಗಿದ ಮೇಲೆಯೇ ಕಿಟಿಕಿಯಲ್ಲಿ ಕಾಯುತ್ತಿದ್ದವರಿಗೆ ಏನೋ ಆಗಿದೆ ಎಂದು ಗೊತ್ತಾದದ್ದು. ಗಲಾಟೆಯಲ್ಲಿ ಯಾರೋ ಸ್ವಿಚ್ಚು ಎಳೆದರು. ಸಂಜೆಯ ಬಸ್ಸಿನಲ್ಲಿ ಬಂದಿಳಿದ ಅಜ್ಜಿ ಜನರ ನಡುವೆ ದಾರಿ ಮಾಡಿಕೊಂಡು ಹೊಸ್ತಿಲ ಮೇಲೆ ಬರಿಗಾಲಿಟ್ಟಳು. ನಿಂತಳು. ಅಜ್ಜನ ಮುಖ ನೋಡುವ ಮೊದಲೇ ಕೇಳಿದಳು:

“ಮಿಲ್ಲು ನಿಲ್ಲಿಸಿದ್ದು ಯಾರು?”

ಯಾರಿಗೂ ಗೊತ್ತಿರಲಿಲ್ಲ. ದುಃಖದಲ್ಲಿ ಏನೋ ಆಡುತ್ತಿದ್ದಾಳೆ ಎಂದು ಹೆಂಗಸರು ಅವಳನ್ನು ಕೂರಿಸಿದರು. ಅವಳು ಮಾತ್ರ ಬಂದವರನ್ನೆಲ್ಲ ಅದನ್ನೇ ಕೇಳಿದಳು. ಬೂದಿ ಮುಗಿದ ಮೇಲೂ, ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೂ ಕೇಳಿದಳು. ಮಿಲ್ಲು ನಿಂತದ್ದನ್ನು ಅವಳ ಕಾಲು ಕಂಡಿರಲಿಲ್ಲ. ಆದ್ದರಿಂದ ಅವಳ ಮಟ್ಟಿಗೆ ಅದು ನಿಂತೇ ಇರಲಿಲ್ಲ. ಹಾಗೆ ನಮ್ಮ ಮನೆಯ ಸಂವಿಧಾನದಲ್ಲಿ ಒಂದು ದೊಡ್ಡ ತೊಡಕು ಹುಟ್ಟಿತು.

ಮಿಲ್ಲನ್ನು ನೆಟ್ಟಣದ ಕಡೆಯವರೊಬ್ಬರು ಬಿಚ್ಚಿಕೊಂಡು ಹೋದರು. ಮೂರು ಕಾಲಿನ ನಟ್ಟುಗಳು ಹೇಗೋ ಬಿಟ್ಟುಕೊಟ್ಟವು. ಕಿಟಿಕಿ ಬದಿಯ ನಾಲ್ಕನೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟರು, ಸುತ್ತಿಗೆಯಿಂದ ಕುಟ್ಟಿದರು, ಇಬ್ಬರು ಸೇರಿ ಪಾನೆಗೆ ಪೈಪು ಸಿಕ್ಕಿಸಿ ಜೋತುಬಿದ್ದರು. ಕೊನೆಗೆ ಗರಗಸ ತಂದು ಮಿಲ್ಲಿನ ಆ ಕಾಲನ್ನೇ ಪಾದದ ಮೇಲೆ ಕೊಯ್ದು, ಮೂರೂಮುಕ್ಕಾಲು ಕಾಲಿನ ಮಿಲ್ಲನ್ನು ಪಿಕಪ್ಪಿಗೆ ಏರಿಸಿದರು. ಸಿಮೆಂಟು ಕಟ್ಟೆಯ ಮೇಲೆ ನಾಲ್ಕು ಬೋಲ್ಟುಗಳೂ, ಒಂದರ ಬುಡದಲ್ಲಿ ಕಬ್ಬಿಣದ ಪಾದವೂ, ಅದರ ಮೇಲೆ ಅಜ್ಜ ಬಿಗಿದ ಆ ನಟ್ಟೂ ಉಳಿದವು. ಹೆಂಚಿನ ಮಾಡಿನ ಮರದ ಪಕ್ಕಾಸುಗಳ ಸಂದಿಯಲ್ಲಿ ಅಷ್ಟು ವರ್ಷಗಳ ಹಿಟ್ಟು ಹಾಗೇ ಕೂತಿತ್ತು.

ಅಜ್ಜಿ ತಿನ್ನುವುದನ್ನು ಬಿಟ್ಟಳು. ಹಟ ಹಿಡಿದಳೆಂದು ಅನ್ನುವಂತಿಲ್ಲ. ಬಟ್ಟಲ ಮುಂದೆ ಕೂರುತ್ತಿದ್ದಳು, ಅನ್ನ ಕಲಸುತ್ತಿದ್ದಳು, ಒಂದು ತುತ್ತು ಎತ್ತಿ ಹಾಗೇ ಕಾಯುತ್ತಿದ್ದಳು. ಏನನ್ನು ಎಂದು ಅವಳೂ ಹೇಳುತ್ತಿರಲಿಲ್ಲ. ಸಾರು ಆರಿ ಮೇಲೆ ಕೆನೆ ಕಟ್ಟುತ್ತಿತ್ತು. ಅವಳ ರವಿಕೆಯ ತೋಳುಗಳು ದಿನದಿಂದ ದಿನಕ್ಕೆ ದೊಡ್ಡವಾಗುತ್ತ ಹೋದವು. ಡಾಕ್ಟರು ಎದೆಗೆ ಕೊಳವೆ ಇಟ್ಟು, ಕಣ್ಣಿನ ರೆಪ್ಪೆ ಎಳೆದು, “ಕಾಯಿಲೆ ಎಂತ ಇಲ್ಲ. ಊಟ ಮಾಡ್ಲಿ,” ಎಂದರು. ಅವ್ವ ಮನೆಗೆ ಬಂದು ಅಪ್ಪನೊಡನೆ ಹೇಳಿದಳು:

“ಊಟ ಮಾಡುದಿಲ್ಲ ಅಂತ ಕರ್ಕೊಂಡು ಹೋದ್ರೆ, ಊಟ ಮಾಡ್ಲಿ ಅಂತ ಬರ್ದು ಕೊಟ್ರು. ಹೀಗೇ ಆದ್ರೆ ಮಳೆಗಾಲ ಕಾಣುದಿಲ್ಲ ಅತ್ತೆ. ನೀವು ಎಂತಾದ್ರೂ ಮಾಡಿ ಮಾರಾಯ್ರೆ.”

ಅಪ್ಪ ಕಡಬದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಎಂತಾದರೂ ಮಾಡಿ ಎಂದಾಗ ಗಂಡಸರು ಮಾಡುವುದನ್ನೇ ಅವನೂ ಮಾಡಿದ: ಅದಕ್ಕೆ ಏನೇನೂ ಸಂಬಂಧವಿಲ್ಲದ ಒಂದು ಯಂತ್ರ ತಂದ. ಮನೆಯಲ್ಲಿ ಒಂದು ಟೇಪ್‌ರೆಕಾರ್ಡರೂ ತೆಂಗಿನಕಾಯಿ ಗಾತ್ರದ ಎರಡು ಸ್ಪೀಕರುಗಳೂ ಇದ್ದವು. ಅವುಗಳಿಂದ ಬರುವ ಹಾಡಿಗೆ ತಲೆಯುಂಟು, ಕಾಲಿಲ್ಲ ಎಂಬುದು ಅಪ್ಪನ ಬಹುಕಾಲದ ಕೊರಗು. ಆ ಕಾಲೇ ಸಬ್‌ವೂಫರ್. ಒಳ್ಳೆಯ ಕಂಪೆನಿಯದ್ದು ನಮ್ಮ ಯೋಗ್ಯತೆಗೆ ನಿಲುಕುವಂಥದ್ದಲ್ಲ. ಪೇಟೆಯಲ್ಲಿ ರೇಡಿಯೋ ರಿಪೇರಿಯ ಹಮೀದಾಕ ಎಂಬವರು ಅಗ್ಗದ ಬೋರ್ಡೊಂದನ್ನು, ಅದಕ್ಕಿಂತ ಅಗ್ಗದ ಟ್ರಾನ್ಸ್‌ಫಾರ್ಮರೊಂದನ್ನು ಕಪ್ಪು ಬಣ್ಣ ಬಳಿದ ಹಲಗೆಯ ಪೆಟ್ಟಿಗೆಗೆ ತುಂಬಿ, ಹೊಟ್ಟೆಯಲ್ಲಿ ದೊಡ್ಡ ಸ್ಪೀಕರು ಕೂರಿಸಿ, ಮುಂದೆ ಒಂದು ಕೆಂಪು ದೀಪ ಹಚ್ಚಿ ಕೊಡುತ್ತಿದ್ದರು. ಅಪ್ಪ ಪರೀಕ್ಷೆಗೆಂದು ಅಂಗಡಿಯಲ್ಲೇ ಹಾಕಿಸಿದಾಗ ಹಾಡಿಗಿಂತ ಮೊದಲು ಅದು ‘ಗುಂ’ ಎಂದಿತು. ಹಾಡು ನಿಲ್ಲಿಸಿದ ಮೇಲೂ ‘ಗುಂ’ ಎನ್ನುತ್ತಲೇ ಇತ್ತು.

“ಇದೆಂತ ಹಮೀದಾಕ, ಹಾಡು ಇಲ್ಲದೆಯೂ ಹಾಡ್ತದಲ್ಲ?”

“ಅದು ಸ್ವಲ್ಪ ಹಮ್ಮಿಂಗ್ ಮಾಸ್ಟ್ರೇ. ಹೊಸತಲ್ವಾ. ಮನೆಗೆ ಹೋಗಿ ಒಳ್ಳೆ ಅರ್ತಿಂಗ್ ಕೊಡಿ, ಸುಮ್ಮನಾಗ್ತದೆ. ಮಕ್ಕಳಿಗೆ ತೊಟ್ಟಿಲು ಬದಲಾದ್ರೆ ಅಳುದಿಲ್ವಾ, ಹಾಗೆ.”

ಮನೆಯಲ್ಲಿ ಅದಕ್ಕೆ ಜಾಗವಿದ್ದದ್ದು ಖಾಲಿ ಬಿದ್ದ ಮಿಲ್ಲುಕೋಣೆಯೊಂದೇ. ಅಪ್ಪ ಪೆಟ್ಟಿಗೆಯನ್ನು ಹೊತ್ತು ತಂದು ಸಿಮೆಂಟು ಕಟ್ಟೆಯ ಮೇಲಿಟ್ಟ. ಅದು ನಾಲ್ಕು ಬೋಲ್ಟುಗಳ ನಡುವೆ, ಯಾರೋ ಅಳತೆ ಕೊಟ್ಟು ಮಾಡಿಸಿದ ಹಾಗೆ, ಆಚೀಚೆ ಕೂದಲೆಳೆ ಜಾಗ ಬಿಡದೆ ಕೂತಿತು. ಅವ್ವ ಅದನ್ನು ನೋಡಿ ಬೈಯುತ್ತ ಒಳಗೆ ಹೋದಳು. ಅಪ್ಪ ಅರ್ತಿಂಗಿಗೆಂದು ಒಂದು ತಂತಿ ಎಳೆದ. ಹಳೆಯ ಮಿಲ್ಲಿಗೆ ಅಜ್ಜ ಮಾಡಿಸಿದ್ದ ಅರ್ತಿಂಗ್ ಕಿಟಿಕಿ ಬದಿಯ ಆ ಬೋಲ್ಟಿನಿಂದಲೇ ಹೊರಟು ಹಿತ್ತಿಲ ಕರಿಬೇವಿನ ಬುಡಕ್ಕೆ ಇಳಿಯುತ್ತಿತ್ತು. ತಂತಿಯನ್ನು ನಟ್ಟಿನ ಅಡಿಗೆ ಸಿಕ್ಕಿಸಿ ಬಿಗಿಯಬೇಕು. ಆದರೆ ನಟ್ಟು ತಿರುಗಬೇಕಲ್ಲ. ಸೋತ ಅಪ್ಪ ತಂತಿಯನ್ನು ಬೋಲ್ಟಿನ ತಲೆಗೆ, ದನಕ್ಕೆ ಹಗ್ಗ ಕಟ್ಟಿದ ಹಾಗೆ, ಸುಮ್ಮನೆ ಸುತ್ತಿ ಬಿಟ್ಟ. ಸ್ವಿಚ್ಚು ಹಾಕಿದ. ‘ಗುಂ’ ಕಡಿಮೆಯಾಗುವ ಬದಲು ಕಟ್ಟೆಗೆ ಇಳಿಯಿತು, ಕಟ್ಟೆಯಿಂದ ನೆಲಕ್ಕೆ ಇಳಿಯಿತು. ಅಡಿಗೆಕೋಣೆಯಲ್ಲಿ ಲೋಟಗಳು ಹಲ್ಲು ಕಡಿದವು. ಕೊಡದ ನೀರಿನಲ್ಲಿ ಉಂಗುರ ಎದ್ದಿತು. ಒಲೆಯ ಮುಂದೆ ಕೂತಿದ್ದ ಅಜ್ಜಿ ನಿಧಾನಕ್ಕೆ ಎದ್ದು, ಎರಡೂ ಪಾದ ಸರಿಯಾಗಿ ಊರಿ ನಿಂತು, ಸೆರಗಿಗೆ ಕೈ ಒರೆಸಿಕೊಂಡಳು.

“ಬೆಳಗ್ಗೆಯೇ ಶುರು ಮಾಡಿದ್ದಾರೆ,” ಎಂದಳು. “ಇವತ್ತು ಗಿರಾಕಿ ಹೆಚ್ಚು ಕಾಣ್ತದೆ.”

ಅವಳಿಗೆ ಬುದ್ಧಿ ತಪ್ಪಿತ್ತೆಂದು ಯಾರೂ ತಿಳಿಯಬಾರದು. ಗಂಡ ಸತ್ತಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೊಜ್ಜದ ಅಡಿಗೆಗೆ ಉಪ್ಪು ಸಾಲದೆಂದು ಬೈದವಳೂ ಅವಳೇ. ಸತ್ತದ್ದು ಒಂದು, ಮಿಲ್ಲು ನಡೆಯುವುದು ಇನ್ನೊಂದು. ಅವೆರಡನ್ನೂ ಅವಳು ಬೇರೆಬೇರೆ ಡಬ್ಬಿಯಲ್ಲಿ ಇಟ್ಟುಕೊಂಡಂತಿತ್ತು. ಆ ಮಧ್ಯಾಹ್ನ ಅಪ್ಪ ಹಾಡು ಸಾಕೆಂದು ಸ್ವಿಚ್ಚು ಆರಿಸಿದ. ಲೋಟಗಳು ಸುಮ್ಮನಾದವು. ಅಜ್ಜಿ ಎರಡು ಬಟ್ಟಲು ಇಳಿಸಿ, ಎರಡಕ್ಕೂ ಬಡಿಸಿ, ನಟ್ಟು ಬಿಗಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಕಾದು, ಆಮೇಲೆ ತಿಂದಳು. ಪೂರ್ತಿ ತಿಂದಳು. ಇನ್ನೊಂದು ಸೌಟು ಸಾರು ಕೇಳಿದಳು. ಅವ್ವ ಸೌಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಹಾಗಾಗಿ ಆ ಕಣ್ಣೀರು ಎಷ್ಟು ಭಾಗ ಸಂತೋಷದ್ದು, ಎಷ್ಟು ಭಾಗ ಮೆಣಸಿನದ್ದು ಎಂಬುದು ಇತ್ಯರ್ಥವಾಗದೆ ಉಳಿದಿದೆ. ಎದುರಿನ ಬಟ್ಟಲನ್ನು ಅಜ್ಜಿ ಆಮೇಲೆ ಎತ್ತಿ ಕಾಗೆಗೆ ಇಟ್ಟಳು.

ಅಲ್ಲಿಂದ ಮನೆಯ ರಾಜಕೀಯ ಬದಲಾಯಿತು. ಬಂದ ದಿನ “ಈ ಕಪ್ಪು ಹೆಣದ ಪೆಟ್ಟಿಗೆ” ಎಂದು ಬೈದಿದ್ದ ಅವ್ವ ದಿನಾ ಬೆಳಗ್ಗೆ ಅದರ ಧೂಳು ಒರೆಸಿ ಸ್ವಿಚ್ಚು ಹಾಕತೊಡಗಿದಳು. ತಂದ ಅಪ್ಪನಿಗೇ ಅದು ಬೇಡವಾಯಿತು. ಗುಂಯ್‌ಗುಡುವ ಯಂತ್ರ ವಿಜ್ಞಾನದ ಮಾಸ್ತರನ ಮನೆಯಲ್ಲಿರುವುದು ಅವನಿಗೆ ಅವಮಾನ. ಪ್ಲಗ್ಗು ತಿರುಗಿಸಿ ಹಾಕಿದ, ತಂತಿ ಬದಲಿಸಿದ, ಪೆಟ್ಟಿಗೆ ಬಿಚ್ಚಿ ಊದಿದ. ಅವನು ಸ್ಕ್ರೂಡ್ರೈವರು ಹಿಡಿದರೆ ಅವ್ವ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

“ನೀವು ಅದನ್ನು ಸರಿ ಮಾಡಿದ್ರೆ ಉಂಟಲ್ಲ, ನಾನು ಅರಂತೋಡಿಗೆ ಹೋಗ್ತೇನೆ.”

“ಅರಂತೋಡು ನನ್ನ ಅಮ್ಮನ ತವರು. ನಿನ್ನದ್ದು ಸುಳ್ಯ.”

“ಎಲ್ಲಿಗಾದ್ರೂ ಹೋಗ್ತೇನೆ!”

ಆಮೇಲೆ ಅಪ್ಪ ನನ್ನನ್ನು ಕೂರಿಸಿ ವಿವರಿಸಿದ. ಮಿಲ್ಲಿನ ಮೋಟಾರು ಗುಂಯ್ ಎನ್ನುವುದು ಕರೆಂಟಿನ ಮಿಡಿತದಿಂದ; ಕೆಟ್ಟ ಟ್ರಾನ್ಸ್‌ಫಾರ್ಮರು ಗುಂಯ್ ಎನ್ನುವುದೂ ಅದೇ ಮಿಡಿತದಿಂದ; ಎರಡರದ್ದೂ ಒಂದೇ ಶ್ರುತಿ; ಅಜ್ಜಿಯ ಕಾಲಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಅಷ್ಟೇ. ನನಗೆ ಸಮಾಧಾನವಾಯಿತು. ಅಪ್ಪ ವಿವರಿಸಿದ ಮೇಲೆ ಯಾವುದಕ್ಕೂ ಹೆದರಬಾರದೆಂಬುದು ನಮ್ಮ ಮನೆಯ ಇನ್ನೊಂದು ವಿಧಿ. ಅಪ್ಪ ಕಡಬಕ್ಕೆ ಹೋದ ದಿನಗಳಲ್ಲಿ ಮಧ್ಯಾಹ್ನ ಸ್ವಿಚ್ಚು ಆರಿಸುವ ಹುದ್ದೆ ನನಗೆ ಬಂತು. ನನ್ನ ಶಾಲೆ ದರ್ಬೆಯಲ್ಲೇ. ಊಟದ ಬೆಲ್ಲು ಹೊಡೆದ ಕೂಡಲೇ ಓಡಿಬಂದು, ಚಪ್ಪಲಿ ಕಳಚಿ, ಮಿಲ್ಲುಕೋಣೆಗೆ ಹೋಗುತ್ತಿದ್ದೆ. ಅರೆಮುಚ್ಚಿದ ಕಿಟಿಕಿಯ ಸಂದಿಯಿಂದ ಬಿಸಿಲಿನ ಒಂದು ಪಟ್ಟಿ, ಕೆಂಪು ದೀಪ, ಹಾಡಿಲ್ಲದ ‘ಗುಂ’. ಆ ಕೋಣೆಯಲ್ಲಿ ನಿಂತರೆ ಎದೆಯ ಗೂಡಿನೊಳಗೆ ಇನ್ನೊಬ್ಬರು ಉಸಿರಾಡಿದ ಹಾಗಾಗುತ್ತಿತ್ತು. ಬೆನ್ನ ಹಿಂದೆ ಗೋಡೆಗೊರಗಿ ಯಾರೋ ಕೂತಿದ್ದಾರೆ ಅನಿಸುತ್ತಿತ್ತು. ತಿರುಗಿ ನೋಡದೆ ಸ್ವಿಚ್ಚು ಒತ್ತಿ, ತಿರುಗಿ ನೋಡದೆ ಹೊರಗೆ ಬರುವ ವಿದ್ಯೆಯನ್ನು ನಾನು ಅಲ್ಲಿ ಕಲಿತೆ. ಜೀವನದಲ್ಲಿ ಅದು ಬೀಜಗಣಿತಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಮೊದಲು ಬಂದದ್ದು ಹಿಟ್ಟು. ಒಂದು ಬೆಳಗ್ಗೆ ಅವ್ವ ಗುಡಿಸಲು ಹೋದವಳು ಗುಡಿಸದೆ ಹಿಂದೆ ಬಂದಳು. ಮಿಲ್ಲುಕೋಣೆಯ ಕೆಂಪು ನೆಲದ ಮೇಲೆ ಬೆಳ್ಳಗೆ ತೆಳುವಾದ ಹಿಟ್ಟು ಹರಡಿತ್ತು. ಎಲ್ಲ ಕಡೆ ಒಂದೇ ಸಮವಲ್ಲ. ಕಟ್ಟೆಯಿಂದ ಗೋಡೆಯವರೆಗೆ ಅಲ್ಲಲ್ಲಿ ಗುಪ್ಪೆಯಾಗಿ, ಉದ್ದುದ್ದ ಅಂಡಾಕಾರದಲ್ಲಿ, ಒಂದರ ಮುಂದೆ ಒಂದು. ಅವ್ವ ಅಪ್ಪನನ್ನು ಕರೆದು ತೋರಿಸಿದಳು. ಅಪ್ಪ ನಕ್ಕ. ಪೆಟ್ಟಿಗೆಯ ನಡುಕಕ್ಕೆ ಪಕ್ಕಾಸಿನ ಹಳೆಯ ಹಿಟ್ಟು ಉದುರಿದೆ, ನಡುಗುವ ನೆಲದ ಮೇಲೆ ಪುಡಿ ತನ್ನಷ್ಟಕ್ಕೆ ಗೆರೆ ಕಟ್ಟುತ್ತದೆ ಎಂದ. ಡಬ್ಬಿಯ ತಗಡಿನ ಮುಚ್ಚಳ ತಂದು, ಪೆಟ್ಟಿಗೆಯ ಮೇಲಿಟ್ಟು, ಚಿಟಿಕೆ ಹಿಟ್ಟು ಉದುರಿಸಿ ಸ್ವಿಚ್ಚು ಹಾಕಿದ. ಹಿಟ್ಟು ಕುಣಿದು, ಸರಿದು, ಚಂದದ ಬಳ್ಳಿಗಳಾಗಿ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಅಪ್ಪನ ಪ್ರಯೋಗದಲ್ಲಿ ಕೊರತೆ ಒಂದೇ: ಮುಚ್ಚಳದ ಮೇಲೆ ಬಳ್ಳಿಗಳು ಬಂದವು, ಹೆಬ್ಬೆರಳು ಬರಲಿಲ್ಲ. ನೆಲದ ಮೇಲೆ ಬಂದಿತ್ತು. ಅವ್ವ ಮರುದಿನದಿಂದ ಗುಡಿಸುವ ಮೊದಲು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದಳು, ಒಳಗೆ ಗಂಡಸರಿದ್ದರೆ ಹೆಂಗಸರು ಕೆಮ್ಮುವಂತೆ.

ಆಮೇಲೆ ಬೀಪಾತುಮ್ಮ. ಅಡ್ಡರಸ್ತೆಯ ಕೊನೆಯ ಮನೆಯ ಬ್ಯಾರಿ ಹೆಂಗಸು. ಅವರ ಮನೆಯ ಪತ್ತಿರಿ ರೊಟ್ಟಿಯ ಹಿಟ್ಟು ಯಾವತ್ತೂ ಅಜ್ಜನಲ್ಲೇ ಆಗಬೇಕು. ಅಜ್ಜ ಸಾಯುವಾಗ ಅವರು ಗಲ್ಫಿನಲ್ಲಿ ಮಗನ ಮನೆಯಲ್ಲಿದ್ದರು. ಬಂದ ಸುದ್ದಿ ನಮಗೆ ಗೊತ್ತಿರಲಿಲ್ಲ. ಸತ್ತ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ನಾನು ಮಧ್ಯಾಹ್ನ ಶಾಲೆಯಿಂದ ಬರುವಾಗ ಅವರು ಮಿಲ್ಲಿನ ಕಿಟಿಕಿಯ ಹತ್ತಿರ ನಿಂತು ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡು ಹೊರಡುತ್ತಿದ್ದರು.

“ಎಂತ ಕೂಸೇ, ಬೆಳ್ದಿದ್ದಿ ಮಾರಾಯ್ತಿ! ಬೆಳಗ್ಗೆ ಅಕ್ಕಿ ಇಟ್ಟು ಹೋಗಿದ್ದೆ. ಅಜ್ಜ ತಿರ್ಗಿಯೂ ನೋಡ್ಲಿಲ್ಲ, ಗೋಡೆ ಬದಿ ಕೂತಿದ್ರು. ಕಿವಿ ಅವರದ್ದೂ ಹೋಯ್ತಾ? ಹಿಟ್ಟು ಲಾಯ್ಕ ಆಗಿದೆ ಅಂತ ಹೇಳು. ಇಕೋ, ಇನ್ನೂ ಬಿಸಿ ಉಂಟು.”

ನನ್ನ ಕೈಯನ್ನು ಹಿಡಿದು ಚೀಲದ ಮೇಲೆ ಇಟ್ಟರು. ಬಿಸಿ ಇತ್ತು. ಮಿಲ್ಲಿನಿಂದ ಆಗಷ್ಟೇ ಇಳಿದ ಹಿಟ್ಟಿನ ಬಿಸಿ ಒಲೆಯ ಬಿಸಿಯಂತಲ್ಲ. ಮಲಗಿದ ಮಗುವಿನ ಹೊಟ್ಟೆಯ ಬಿಸಿ.

ಅವ್ವನಿಗೆ ಹೇಳಿದೆ. ಅವ್ವ ಓಡಿಹೋಗಿ ಬೀಪಾತುಮ್ಮನಿಗೆ ಅಜ್ಜನ ಸುದ್ದಿ ಹೇಳಿ ಬಂದಳು. ಸಂಜೆ ಕಡಬದಿಂದ ಬಂದ ಅಪ್ಪ ಷರ್ಟಿನ ಗುಬ್ಬಿ ಬಿಚ್ಚುತ್ತಲೇ ಪ್ರಕರಣವನ್ನು ಬಿಡಿಸಿದ. ಕಿಟಿಕಿಯಲ್ಲಿ ಅಕ್ಕಿ ಕಂಡ ಅಜ್ಜಿ ಅಭ್ಯಾಸಬಲದಿಂದ ತೆಗೆದುಕೊಂಡು ಹೋಗಿ ಬೀಸುವ ಕಲ್ಲಿನಲ್ಲಿ ಬೀಸಿದ್ದಾಳೆ. ಚೀಲ ಬಿಸಿಲಿಗೆ ಬಿಸಿಯಾಗಿದೆ. ಗೋಡೆಯ ಬದಿಯಲ್ಲಿ ಅಜ್ಜನ ಹಳೆಯ ಷರ್ಟು ನೇತಾಡುತ್ತಿದೆ, ಅದನ್ನು ಕಂಡಿದ್ದಾರೆ. ಅದ್ಭುತವಾದ ವಿವರಣೆ. ಅಪ್ಪ ನೆಲಕ್ಕೆ ಹಿಮ್ಮಡಿ ಕುಟ್ಟಿ ಅಜ್ಜಿಯನ್ನು ಕರೆದು ಕೇಳಿದ. ಅಜ್ಜಿ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ಗಂಟುಗಳು ಊದಿದ, ನೀರಿನ ಕೊಡಪಾನ ಎತ್ತಲಾರದ ಕೈಗಳು.

“ಈ ಕೈಯಲ್ಲಿ ಬೀಸುದಾ? ನಿನಗೆ ಪಾಠ ಹೇಳಿಕೊಟ್ಟವರು ಯಾರು ಮಗ?” ಎಂದಳು. ಕೈಗಳನ್ನು ಹಿಂದೆ ತೆಗೆದುಕೊಂಡು, “ಅವರಿಗೆ ದಣಿವಾಗಿದೆ. ದಿನಾ ನಡೆಸ್ತೀರಿ, ಸರಿಯಾಗಿ ನಿಲ್ಲಿಸುದು ಒಬ್ಬರಿಗೂ ಗೊತ್ತಿಲ್ಲ,” ಎಂದಳು.

ಅದರ ಅರ್ಥ ಅಪ್ಪನಿಗೆ ಆಗಲಿಲ್ಲ. ಬೀಸುವ ಕಲ್ಲಿನ ಮೇಲೆ ಒಂದು ಜೇಡ ಬಹಳ ದಿನದಿಂದ ಸಂಸಾರ ಹೂಡಿತ್ತು, ಬಲೆ ಹರಿದಿರಲಿಲ್ಲ. ಅಪ್ಪ ಅದನ್ನು ನೋಡಿದ. ನಾನು ನೋಡಿದೆನೆಂದೂ ನೋಡಿದ. ಮಕ್ಕಳ ಮುಂದೆ ಜೇಡದ ವಿಷಯ ಎತ್ತಬಾರದೆಂಬಂತೆ ಕೈಕಾಲು ತೊಳೆಯಲು ಹೋದ.

ಅಜ್ಜ ಸತ್ತು ವರ್ಷ ತುಂಬುವ ದಿನ ಬಂತು. ನಮ್ಮಲ್ಲಿ ಆವತ್ತು ಸತ್ತವರಿಗೆ ಬಡಿಸುವ ಕ್ರಮ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ದೀಪವಿಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು. ಅವರು ಉಂಡು ಏಳುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಆಮೇಲೆ ತೆರೆಯುವುದು. ನಡುವೆ ಯಾವ ಕಾರಣಕ್ಕೂ ಬಾಗಿಲು ತೆರೆಯಬಾರದು. ಉಣ್ಣುವವರ ಮುಖ ನೋಡಬಾರದು. ಅಜ್ಜಿ ಎರಡು ಅಪ್ಪಣೆ ಕೊಟ್ಟಳು. ಎಲೆ ಹಾಕುವುದು ಮಿಲ್ಲುಕೋಣೆಯಲ್ಲಿ. ಬಡಿಸುವಾಗ ಮಿಲ್ಲು ನಡೆಯುತ್ತಿರಬೇಕು.

“ಕೆಲಸದಲ್ಲಿದ್ದವರನ್ನು ಅಲ್ವಾ ಊಟಕ್ಕೆ ಕರೆಯುದು,” ಎಂದಳು.

ಕೋಳಿ ಸಾರು, ಅಕ್ಕಿ ರೊಟ್ಟಿ, ಹುರಿದ ಬಂಗುಡೆ, ಅಜ್ಜ ಕದ್ದು ತಿನ್ನುತ್ತಿದ್ದ ಮಾವಿನ ಮಿಡಿ. ಸುಗ್ಗಿಯ ಸೆಕೆ; ಕರೆಂಟು ಆವತ್ತು ಹೋಗಲಿಲ್ಲ ಎಂಬುದನ್ನು ಇಲ್ಲಿ ಮುಂಚಿತವಾಗಿ ದಾಖಲಿಸುತ್ತೇನೆ. ಕಿಟಿಕಿಗೆ ಸರಳು, ಒಳಗಿನಿಂದ ಚಿಲಕ. ಅಪ್ಪ ಎಲೆಯ ಮುಂದೆ ನಿಂತು ಕೈಮುಗಿದು ಅಜ್ಜನನ್ನು ಊಟಕ್ಕೆ ಕರೆದ. ಮುಖದಲ್ಲಿ ತರಗತಿಗೆ ಇನ್‌ಸ್ಪೆಕ್ಟರು ಬಂದಾಗಿನ ಗಾಂಭೀರ್ಯ. ಎಲ್ಲರೂ ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಒಳಗೆ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಅಜ್ಜಿ ಚಾವಡಿಯ ಕಡೆಯಿಂದ ಬಾಗಿಲಿಗೆ ಎರಡೂ ಅಂಗೈ ಒತ್ತಿ, ಬರಿಗಾಲೂರಿ ನಿಂತಳು. ಆಗ ಅವ್ವನಿಗೆ ಹೊಳೆಯಿತು.

“ಅಲ್ಲ ಮಾರಾಯ್ರೆ,” ಎಂದಳು ಪಿಸುದನಿಯಲ್ಲಿ, “ಮಿಲ್ಲು ನಿಲ್ಲದೆ ಅವರು ಉಣ್ಣುದು ಹೇಗೆ? ನಿಲ್ಲಿಸುದು ಯಾರು?”

ಸ್ವಿಚ್ಚು ಒಳಗೆ. ಬಾಗಿಲು ತೆರೆಯುವಂತಿಲ್ಲ. ಅಪ್ಪ ನನ್ನ ಮುಖ ನೋಡಿದ. ನನ್ನ ಹುದ್ದೆಗೂ ಆ ಬಾಗಿಲು ದಾಟುವ ಅಧಿಕಾರವಿರಲಿಲ್ಲ. ಅಜ್ಜಿ ತಿರುಗಲಿಲ್ಲ, ನಮ್ಮ ತುಟಿ ನೋಡಲಿಲ್ಲ. ಅವಳ ಬೆನ್ನು ಕಾಯುತ್ತಿತ್ತು. ವರ್ಷವಿಡೀ ಅವಳು ಹಾಗೇ ಕಾಯುತ್ತಿದ್ದಳೆಂದು, ನಾನು ದಿನಾ ಒತ್ತುತ್ತಿದ್ದ ಸ್ವಿಚ್ಚು ಅವಳ ಹೊಟ್ಟೆಯನ್ನಷ್ಟೇ ಸುಮ್ಮನಾಗಿಸಿತ್ತೆಂದು ನನಗೆ ತಿಳಿದದ್ದು ಆ ಬೆನ್ನನ್ನು ನೋಡಿ. ಅಪ್ಪ ಕೊನೆಗೆ ಚಾವಡಿಯ ಗೋಡೆಯ ಮೇಲಿದ್ದ ಫ್ಯೂಸಿನ ಹತ್ತಿರ ಹೋದ. ಅದನ್ನು ಎಳೆದರೆ ಇಡೀ ಮನೆಯ ಕರೆಂಟು ಹೋಗುತ್ತದೆ, ಪೆಟ್ಟಿಗೆಯೂ ನಿಲ್ಲುತ್ತದೆ. ಕುರ್ಚಿ ಹತ್ತಿ ಕೈ ಎತ್ತಿದ.

ನೆಲ ನಿಂತಿತು.

ಲೋಟಗಳು ಸುಮ್ಮನಾದವು. ಅಪ್ಪನ ಕೈ ಫ್ಯೂಸಿಗೆ ತಾಗಿರಲಿಲ್ಲ. ತಾಗದ ಕೈಯನ್ನು ಹಾಗೇ ಎತ್ತಿಕೊಂಡು ಅವನು ಮೇಲೆ ನೋಡಿದ. ನಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

“ನಿಂತಿತು,” ಎಂದಳು ಅಜ್ಜಿ. ಬಾಗಿಲಿನಿಂದ ಕೈ ತೆಗೆಯಲಿಲ್ಲ. ಕೆನ್ನೆಯನ್ನೂ ಬಾಗಿಲಿಗೆ ಒತ್ತಿದಳು. “ಇರಿ. ಬಿಗೀತಾ ಇದ್ದಾರೆ.”

ನಾವು ಇದ್ದೆವು. ಬೇರೆ ಏನು ಮಾಡುವುದು? ಆಮೇಲೆ ಅವಳು, “ಈಗ ಕೂತರು,” ಎಂದಳು.

ಅವರು ಉಂಡು ಏಳುವಷ್ಟು ಹೊತ್ತು ಕಳೆದ ಮೇಲೆ ಅಪ್ಪ ಬಾಗಿಲು ತಟ್ಟಿದ. ವಿಜ್ಞಾನದ ಮಾಸ್ತರ ಯಾವತ್ತಿಗಿಂತ ಸ್ವಲ್ಪ ಜಾಸ್ತಿಯೇ ತಟ್ಟಿದ ಎಂದು ನನ್ನ ನೆನಪು. ಒಳಗೆ ದೀಪ ಉರಿಯುತ್ತಿತ್ತು. ಎಲೆಯ ಮೇಲೆ ಬಡಿಸಿದ್ದೆಲ್ಲ ಬಡಿಸಿದ ಹಾಗೇ ಇತ್ತು; ಅದರ ಮೇಲೆ ಮೈದೊಗಲಿನಷ್ಟು ತೆಳುವಾಗಿ ಬಿಳಿ ಹಿಟ್ಟು. ಪೆಟ್ಟಿಗೆಯ ಕೆಂಪು ದೀಪವೂ ಉರಿಯುತ್ತಿತ್ತು. ಸ್ವಿಚ್ಚು ಹಾಕಿದಂತೆಯೇ ಇತ್ತು. ‘ಗುಂ’ ಮಾತ್ರ ಇರಲಿಲ್ಲ. ಅಪ್ಪ ಮಂಡಿಯೂರಿ ಕಿಟಿಕಿ ಬದಿಯ ಬೋಲ್ಟಿನ ಹತ್ತಿರ ಬಗ್ಗಿದ. ಬಹಳ ಹೊತ್ತು ಏಳಲಿಲ್ಲ. ಅವನು ಬೋಲ್ಟಿನ ತಲೆಗೆ ಸುತ್ತಿ ಬಿಟ್ಟಿದ್ದ ತಂತಿ ಈಗ ತಲೆಯ ಮೇಲೆ ಇರಲಿಲ್ಲ. ಅದರ ತುದಿ ಚೊಕ್ಕವಾಗಿ ಕೊಕ್ಕೆಯಾಗಿ ಬಗ್ಗಿ, ನಟ್ಟಿಗೂ ಕಬ್ಬಿಣದ ಪಾದಕ್ಕೂ ನಡುವೆ ಸಿಕ್ಕಿಕೊಂಡು, ಬಿಗಿದು ಕೂತಿತ್ತು. ನಟ್ಟಿನ ಮೂಲೆಗಳಲ್ಲಿ ತುಕ್ಕು ಕಿತ್ತುಹೋಗಿ ಕಬ್ಬಿಣ ಹೊಳೆಯುತ್ತಿತ್ತು.

ಅಪ್ಪ ವಿವರಣೆ ಶುರುಮಾಡಿದ. ಸುಗ್ಗಿಯ ಸೆಕೆಗೆ ಕಬ್ಬಿಣ ಹಿಗ್ಗುತ್ತದೆ, ದಿನಾ ನಡುಗಿ ನಡುಗಿ ನಟ್ಟು ತಾನಾಗಿ ಬಿಗಿಯುವ ಸಂಭವ ಉಂಟು...

“ನಡುಗಿದ್ರೆ ನಟ್ಟು ಸಡಿಲ ಆಗುದಲ್ವಾ?” ಎಂದಳು ಅವ್ವ. “ಅದಕ್ಕೇ ಅಲ್ವಾ ಮಾವ ದಿನಾ ಬಿಗೀತಿದ್ದದ್ದು?”

ಅಪ್ಪ ವಿವರಣೆಯನ್ನು ಅರ್ಧಕ್ಕೇ ನಿಲ್ಲಿಸಿದ. ನನಗೆ ಗೊತ್ತಿರುವಂತೆ ಅವನು ಅರ್ಧಕ್ಕೆ ನಿಲ್ಲಿಸಿದ ವಿವರಣೆ ಅದೊಂದೇ. ಮಾತಿಗೆ ಬೇರೆ ವಿಷಯ ಬೇಕೆಂದೋ ಏನೋ, ಟೇಪ್‌ರೆಕಾರ್ಡರು ಹಾಕಿದ. ಹಾಡು ಬಂತು, ತಲೆಯೂ ಕಾಲೂ ಸೇರಿ. ಅವನು ವರ್ಷಾನುಗಟ್ಟಲೆ ಬಯಸಿದಂಥ, ಹದವಾದ, ಒಂದು ಚೂರೂ ಗುಂಯ್ ಇಲ್ಲದ ಕೆಳಸ್ವರ. ಆ ಕೋಣೆಯಲ್ಲಿ ಯಾರಿಗೂ ಅದನ್ನು ಕೇಳುವ ಧೈರ್ಯವಾಗಲಿಲ್ಲ. ಅಪ್ಪನೇ ಆರಿಸಿದ.

ನಮಗೆ ಭಯವಿದ್ದದ್ದು ಇನ್ನೊಂದು ವಿಷಯದಲ್ಲಿ. ಪೆಟ್ಟಿಗೆ ಸರಿಯಾಯಿತು, ಇನ್ನು ನಡುಗದು, ಇನ್ನು ನಿಲ್ಲುವುದೂ ಇಲ್ಲ. ನಾಳೆ ಅಜ್ಜಿಯ ಊಟ ಹೇಗೆ? ಅವ್ವ ಅಡಿಗೆಕೋಣೆಗೆ ಹೋದಾಗ ಅಜ್ಜಿ ಆಗಲೇ ಅಲ್ಲಿದ್ದಳು. ಹಲಗೆಯಿಂದ ಒಂದೇ ಬಟ್ಟಲು ಇಳಿಸಿ ಮುಂದಿಟ್ಟುಕೊಂಡು ಕೂತಿದ್ದಳು.

“ಬಡಿಸು ಮಗಾ. ಹಸಿವಾಗ್ತದೆ,” ಎಂದಳು. ಅವ್ವ ಎರಡನೆಯ ಬಟ್ಟಲಿಗೆ ಕೈ ಹಾಕಿದ್ದನ್ನು ನೋಡಿ ತಲೆಯಾಡಿಸಿದಳು. “ಅವರದ್ದು ಆಯ್ತಲ್ಲ.”

ಆಮೇಲೆ ಅಜ್ಜಿ ಬಹಳ ಕಾಲ ಬದುಕಿದಳು, ಹಸಿವಾದಾಗ ಉಂಡಳು, ಮಿಲ್ಲು ನಿಲ್ಲಿಸಿದ್ದು ಯಾರೆಂದು ಮತ್ತೆ ಯಾರನ್ನೂ ಕೇಳಲಿಲ್ಲ. ಪಕ್ಕಾಸಿನಿಂದ ಹಿಟ್ಟು ಉದುರುವುದೂ ನಿಂತಿತು. ಅವ್ವ ಮಾತ್ರ ಆ ಕೋಣೆ ಗುಡಿಸುವ ಮೊದಲು ಕೆಮ್ಮುವುದನ್ನು ಬಿಡಲಿಲ್ಲ.

ಆ ಮನೆ ಈಗಿಲ್ಲ. ಅಲ್ಲೊಂದು ಅಂಗಡಿಗಳ ಕಟ್ಟಡ ಎದ್ದಿದೆ. ಕೆಡವುವಾಗ ಪೆಟ್ಟಿಗೆಯನ್ನು ನಾನು ಕೇಳಿ ಪಡೆದೆ. ತಂತಿಯನ್ನು ಬಿಡಿಸಲು ಕೆಲಸದವರು ನಟ್ಟಿಗೆ ಪಾನೆ ಹಾಕಿದರು, ಪೈಪು ಸಿಕ್ಕಿಸಿದರು, ಬೈದರು. ಕೊನೆಗೆ ಬೋಲ್ಟನ್ನೇ ಕಟ್ಟೆಯ ಮಟ್ಟಕ್ಕೆ ಕೊಯ್ದು ತಂತಿಯ ಸಮೇತ ಕೊಟ್ಟರು. ಪೆಟ್ಟಿಗೆ ಈಗ ನನ್ನ ಚಿಕ್ಕ ಮನೆಯಲ್ಲಿದೆ. ಫೋನಿನಿಂದ ಹಾಡು ಹಾಕಿದರೆ ಇವತ್ತಿಗೂ ಸ್ವಚ್ಛವಾಗಿ ಹಾಡುತ್ತದೆ. ನೋಡಿದವರು ಕೇಳುತ್ತಾರೆ, ಇಷ್ಟು ಹಳೆಯ, ಇಷ್ಟು ಅಗ್ಗದ ಆಂಪ್ಲಿಫೈಯರು ಚೂರೂ ಗುಂಯ್ ಎನ್ನುವುದಿಲ್ಲವಲ್ಲ, ಅರ್ತಿಂಗ್ ಎಲ್ಲಿಗೆ ಕೊಟ್ಟಿದ್ದೀರಿ ಎಂದು. ಹಿಂದೆ ಇಣುಕಿ ನೋಡಿ ಎನ್ನುತ್ತೇನೆ. ಅಲ್ಲಿ ತಂತಿಯ ತುದಿಯಲ್ಲಿ ಆ ನಟ್ಟು ಬಿಗಿದ ಕಬ್ಬಿಣದ ತುಂಡೊಂದು, ಎಲ್ಲಿಗೂ ಸೇರದೆ, ನೆಲಕ್ಕೂ ತಾಗದೆ, ಗಾಳಿಯಲ್ಲಿ ನೇತಾಡುತ್ತಿದೆ.